ಮಗನಿಗೆ ಗೇಮ್ ಕಂಪನಿ ಆಫರ್ ಬಂತಾ? ಸ್ವೀಟ್ ಹಂಚಿ, ಫ್ಲಾಟ್ ಬುಕ್ ಮಾಡೋಕೆ ಸ್ವಲ್ಪ ತಾಳಿ!

ಮೊನ್ನೆ ಮಧ್ಯಾಹ್ನ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಆಂಟಿ ಮೈಸೂರುಪಾಕಿನ ಡಬ್ಬಿ ಹಿಡಿದು ಬಂದರು. ಮಗನಿಗೆ ಗೇಮ್ ತಯಾರಿಸುವ ಕಂಪನಿಯಲ್ಲಿ ಕೆಲಸ ಸಿಕ್ಕಿದೆಯಂತೆ. ‘ಎಷ್ಟು ಬೇಗ ಬೆಳೀತಿದೆ ಗೊತ್ತಾ? ಹೋದ ವರ್ಷ ನಲವತ್ತು ಜನ ಇದ್ದರಂತೆ, ಈಗ ನೂರಾ ಅರವತ್ತು! ಸಂಬಳದ ಜೊತೆ ಷೇರು ಬೇರೆ ಕೊಡ್ತಾರೆ ಕಣಮ್ಮ’ ಅಂದರು. ಮುಂದಿನ ತಿಂಗಳೇ ಫ್ಲಾಟಿಗೆ ಅಡ್ವಾನ್ಸ್ ಕೊಡುವ ಯೋಚನೆಯೂ ಇತ್ತು.

ಮೈಸೂರುಪಾಕು ಬಾಯಲ್ಲಿಟ್ಟುಕೊಂಡು ಕೆಟ್ಟ ಮಾತಾಡಬಾರದು. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ‘ಆಂಟಿ, ಒಂದು ವರ್ಷದಲ್ಲಿ ನಾಲ್ಕು ಪಟ್ಟು ಬೆಳೆದಿದ್ದು ಯಾವ ಗೇಮಿನಿಂದ? ಒಂದೇ ಗೇಮಿನಿಂದಾನಾ?’ ಅಂತ ಕೇಳಿಬಿಟ್ಟೆ. ಅವರಿಗೆ ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಮಗನೋ ಮಗಳೋ ಅಳಿಯನೋ ಇಂಥ ಕಂಪನಿ ಸೇರುವ ಮಾತಾಡುತ್ತಿದ್ದರೆ, ಈ ಪ್ರಶ್ನೆ ಯಾಕೆ ಮುಖ್ಯ ಅನ್ನೋದನ್ನ ಸ್ವಲ್ಪ ನೋಡೋಣ ಬನ್ನಿ.

ನಿಮಗೆ ಫಾರ್ಮ್‌ವಿಲ್ ನೆನಪಿದೆಯಾ? ಫೇಸ್‌ಬುಕ್ಕಿನಲ್ಲಿ ಹೊಲ ಉತ್ತು, ಬಿತ್ತಿ, ಕೊಯ್ಯುವ ಆಟ. ಆಗ ನನಗೆ ಮದುವೆಯಾದ ಹೊಸತು. ಸ್ಟ್ರಾಬೆರಿ ಬಿತ್ತಿದರೆ ನಾಲ್ಕು ಗಂಟೆಗೆ ಬೆಳೆ ಬರುತ್ತಿತ್ತು, ಸಮಯಕ್ಕೆ ಕೊಯ್ಯದಿದ್ದರೆ ಒಣಗಿಹೋಗುತ್ತಿತ್ತು. ಒಲೆ ಮೇಲೆ ಕುಕ್ಕರ್ ಇಟ್ಟು ಕಂಪ್ಯೂಟರ್ ಮುಂದೆ ಓಡಿದ್ದೇನೆ, ಸುಳ್ಳು ಹೇಳಲ್ಲ! ‘ಇರೋ ಕುಂಡಕ್ಕೆ ನೀರು ಹಾಕಲ್ಲ, ಇಲ್ಲದ ಹೊಲಕ್ಕೆ ಓಡ್ತಾಳೆ’ ಅಂತ ಅತ್ತೆ ನಗುತ್ತಿದ್ದರು.

ಆ ಆಟ ಮಾಡಿದ ಕಂಪನಿ ಜಿಂಗಾ. 2007ರಲ್ಲಿ ಮಾರ್ಕ್ ಪಿಂಕಸ್ ಮತ್ತು ಜೊತೆಗಾರರು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಶುರು ಮಾಡಿದ್ದು. ಜಿಂಗಾ ಅನ್ನೋದು ಪಿಂಕಸ್ ಸಾಕಿದ್ದ ನಾಯಿಯ ಹೆಸರು. ಫಾರ್ಮ್‌ವಿಲ್ ಬಂದಿದ್ದು 2009ರ ಜೂನ್‌ನಲ್ಲಿ. ಒಂದು ವರ್ಷವೂ ಆಗುವ ಮೊದಲೇ ತಿಂಗಳಿಗೆ 8 ಕೋಟಿಗೂ ಹೆಚ್ಚು ಜನ ಆಡುತ್ತಿದ್ದರು. 2010ರಲ್ಲಿ ನಮ್ಮ ಬೆಂಗಳೂರಿನಲ್ಲೂ ಕಚೇರಿ ತೆರೆಯಿತು. 2011ರ ಡಿಸೆಂಬರ್‌ನಲ್ಲಿ ಷೇರುಪೇಟೆಗೆ ಬಂದಾಗ ಒಂದು ಷೇರಿಗೆ 10 ಡಾಲರ್, ಎತ್ತಿದ ಹಣ 100 ಕೋಟಿ ಡಾಲರ್. ನಾಲ್ಕೇ ವರ್ಷ ತುಂಬಿದ ಕಂಪನಿಯಲ್ಲಿ ಆಗ ಎರಡೂವರೆ ಸಾವಿರಕ್ಕಿಂತ ಹೆಚ್ಚು ಜನ. ಆಗ ಅಲ್ಲಿ ಕೆಲಸ ಸಿಕ್ಕಿದವರ ಮನೆಯಲ್ಲೂ ಸ್ವೀಟ್ ಹಂಚಿರಲೇಬೇಕು ಅಲ್ವಾ?

ಆಮೇಲೆ ಆಗಿದ್ದನ್ನ ಕೇಳಿ. ಆ ವರ್ಷ ಜಿಂಗಾದ ಆದಾಯದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬರುತ್ತಿದ್ದುದು ಫೇಸ್‌ಬುಕ್ ಮೂಲಕ. ಬೇರೆಯವರ ಜಗಲಿ ಮೇಲೆ ಅಂಗಡಿ ಇಟ್ಟ ಹಾಗೆ. ಫೇಸ್‌ಬುಕ್ಕಿನವರು ನಿಯಮ ಬದಲಾಯಿಸಿದರೆ ಇವರ ಗಿರಾಕಿ ಕಡಿಮೆ. ಜೊತೆಗೆ ಜನ ಕಂಪ್ಯೂಟರ್ ಬಿಟ್ಟು ಮೊಬೈಲಿನಲ್ಲಿ ಆಡತೊಡಗಿದರು. ಹಿಂದೆ ಬಿದ್ದೆವು ಅನ್ನೋ ಆತುರದಲ್ಲಿ ಜಿಂಗಾ 2012ರ ಮಾರ್ಚ್‌ನಲ್ಲಿ ಚಿತ್ರ ಬರೆದು ಊಹಿಸುವ ‘ಡ್ರಾ ಸಮ್‌ಥಿಂಗ್’ ಅನ್ನೋ ಮೊಬೈಲ್ ಗೇಮ್ ಮಾಡಿದ್ದ ಓಎಂಜಿಪಾಪ್ ಕಂಪನಿಯನ್ನು ಸುಮಾರು 18 ಕೋಟಿ ಡಾಲರ್ ಕೊಟ್ಟು ಕೊಂಡಿತು. ಕೊಂಡ ಕೆಲವೇ ವಾರಗಳಲ್ಲಿ ಆ ಆಟದ ಹುಚ್ಚು ಇಳಿಯಿತು. 2012ರ ಜುಲೈ ಕೊನೆಗೆ ಜಿಂಗಾ ಷೇರಿನ ಬೆಲೆ 3 ಡಾಲರ್ ಆಸುಪಾಸು. 2013ರ ಜೂನ್‌ನಲ್ಲಿ ಒಂದೇ ಸಲಕ್ಕೆ 520 ಜನರನ್ನ, ಅಂದರೆ ಐವರಲ್ಲಿ ಹತ್ತಿರಹತ್ತಿರ ಒಬ್ಬರನ್ನ ಮನೆಗೆ ಕಳಿಸಿದರು. ಓಎಂಜಿಪಾಪ್ ಕಚೇರಿಗೂ ಬೀಗ ಬಿತ್ತು, ಕೊಂಡು ಇನ್ನೂ ಒಂದೂಕಾಲು ವರ್ಷವಾಗಿತ್ತಷ್ಟೆ.

‘ಷೇರು ಬೇರೆ ಕೊಡ್ತಾರೆ’ ಅನ್ನುವವರು ಇಲ್ಲಿ ಸ್ವಲ್ಪ ಗಮನ ಕೊಡಿ. ಜಿಂಗಾ ಷೇರು ಇನ್ನೂ ಮೇಲಿದ್ದಾಗ, 2012ರ ಏಪ್ರಿಲ್ ಆರಂಭದಲ್ಲಿ, ಪಿಂಕಸ್ ಮತ್ತು ಕೆಲವು ದೊಡ್ಡ ಹೂಡಿಕೆದಾರರು ತಲಾ 12 ಡಾಲರಿನಂತೆ ತಮ್ಮ ಷೇರು ಮಾರಿದರು. ಪಿಂಕಸ್ ಒಬ್ಬರೇ ಮಾರಿದ್ದು 1 ಕೋಟಿ 65 ಲಕ್ಷ ಷೇರು. ಸಾಮಾನ್ಯ ನೌಕರರಿಗೆ ಆಗ ಮಾರುವ ಹಾಗಿರಲಿಲ್ಲ, ಇಷ್ಟು ದಿನ ಮಾರಬಾರದು ಅನ್ನೋ ಕರಾರಿತ್ತು. ಅವರ ಸರದಿ ಬರುವಷ್ಟರಲ್ಲಿ ಬೆಲೆ 10ಕ್ಕಿಂತ ಕೆಳಗಿಳಿದಿತ್ತು. ಇದು ಸರಿಯೋ ತಪ್ಪೋ ಅನ್ನೋದು ಬೇರೆ ಮಾತು ಬಿಡಿ. ಆದರೆ ಕಾಗದದ ಮೇಲಿನ ಲಕ್ಷಗಳು ಬ್ಯಾಂಕಿನ ಲಕ್ಷಗಳಲ್ಲ ಅನ್ನೋದು ಆ ಮನೆಗಳಿಗೆ ಆ ಬೇಸಿಗೆಯಲ್ಲಿ ಗೊತ್ತಾಯಿತು. ನಮ್ಮಲ್ಲಿ ಇನ್ನೊಂದು ತಾಪತ್ರಯವಿದೆ. ಕಂಪನಿ ಕೊಟ್ಟ ಷೇರನ್ನ ಕಡಿಮೆ ಬೆಲೆಗೆ ನಮ್ಮ ಹೆಸರಿಗೆ ಮಾಡಿಕೊಂಡಾಗ, ಮಾರುಕಟ್ಟೆ ಬೆಲೆಗೂ ನಾವು ಕಟ್ಟಿದ್ದಕ್ಕೂ ಇರುವ ವ್ಯತ್ಯಾಸವನ್ನ ಸಂಬಳ ಅಂತಲೇ ಲೆಕ್ಕ ಹಿಡಿದು ತೆರಿಗೆ ಹಾಕುತ್ತಾರೆ. ಮಾರಿ ದುಡ್ಡು ಕೈಗೆ ಬರುವ ಮೊದಲೇ ತೆರಿಗೆ ಕಟ್ಟಬೇಕಾಗಬಹುದು.

ಬೇಗ ಬೆಳೆದ ಗೇಮ್ ಕಂಪನಿ ಹೀಗೆ ಯಾಕೆ ಮುಗ್ಗರಿಸುತ್ತದೆ? ನಮ್ಮ ರಸ್ತೆಯ ಕೊನೆಯ ದರ್ಶಿನಿಯನ್ನೇ ತಗೊಳ್ಳಿ. ಒಬ್ಬ ಭಟ್ಟರ ಕೈರುಚಿಗೆ ಜನ ಮುಗಿಬಿದ್ದರು. ಮಾಲೀಕರು ಖುಷಿಯಾಗಿ ಒಂದೇ ವರ್ಷದಲ್ಲಿ ನಾಲ್ಕು ಬ್ರಾಂಚ್ ತೆರೆದರು. ಬಾಡಿಗೆ ನಾಲ್ಕು, ಕೆಲಸದವರು ಮೂವತ್ತು, ಆದರೆ ಭಟ್ಟರು ಒಬ್ಬರೇ! ಗೇಮ್‌ನ ಕಥೆ ಇದಕ್ಕಿಂತ ಕಷ್ಟ. ದೋಸೆ ಚೆನ್ನಾಗಿದ್ದರೆ ಜನ ನಾಳೆಯೂ ಬರುತ್ತಾರೆ. ಗೇಮ್ ಎಷ್ಟೇ ಚೆನ್ನಾಗಿದ್ದರೂ ಒಂದು ದಿನ ಬೇಜಾರು ಬರುತ್ತದೆ. ಹೊಸ ದೊಡ್ಡ ಗೇಮ್ ಮಾಡೋಕೆ ಎರಡು ಮೂರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅಲ್ಲಿವರೆಗೆ ಚಿತ್ರ ಬರೆಯುವವರು, ಪ್ರೋಗ್ರಾಂ ಬರೆಯುವವರು, ತಪ್ಪು ಹುಡುಕುವವರು, ಎಲ್ಲರಿಗೂ ತಿಂಗಳು ತಿಂಗಳು ಸಂಬಳ ಕೊಡಬೇಕಲ್ಲ. ಹಳೇ ಗೇಮಿನ ಗಳಿಕೆ ಇಳಿಯುತ್ತಿರುತ್ತದೆ, ಹೊಸದು ಇನ್ನೂ ಒಲೆ ಮೇಲೇ ಇರುತ್ತದೆ. ಆ ನಡುವಿನ ದಿನಗಳಲ್ಲೇ ಕಂಪನಿಗಳು ಬೀಳೋದು.

ಕಂಪನಿ ಬಿದ್ದಾಗ ಸಂಸಾರಗಳಿಗೆ ಏನಾಗುತ್ತದೆ? ಅಮೆರಿಕದ 38 ಸ್ಟುಡಿಯೋಸ್ ಕಥೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಕರ್ಟ್ ಶಿಲ್ಲಿಂಗ್ ಅನ್ನೋ ಪ್ರಸಿದ್ಧ ಬೇಸ್‌ಬಾಲ್ ಆಟಗಾರ 2006ರಲ್ಲಿ ಶುರು ಮಾಡಿದ ಕಂಪನಿ. 2010ರಲ್ಲಿ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ, ‘ನಮ್ಮಲ್ಲಿಗೆ ಬನ್ನಿ, 450 ಜನರಿಗೆ ಕೆಲಸ ಕೊಡಿ’ ಅಂತ ಏಳೂವರೆ ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಂತಿತು. ಕಂಪನಿ ಬಂತು, ಜನರನ್ನ ತುಂಬಿಕೊಂಡಿತು. ದೂರದ ಊರುಗಳಿಂದ ಹೆಂಡತಿ ಮಕ್ಕಳನ್ನ ಕರೆದುಕೊಂಡು ಬಂದವರೆಷ್ಟೋ. ಅವರ ಹಳೇ ಮನೆ ಮಾರಿಸುವ ಏರ್ಪಾಡನ್ನೂ ಕಂಪನಿಯೇ ಮಾಡಿತ್ತು.

2012ರ ಫೆಬ್ರುವರಿಯಲ್ಲಿ ಅವರ ಮೊದಲ ಗೇಮ್ ಬಂತು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಸೋತ ಆಟ ಅನ್ನುವ ಹಾಗಿರಲಿಲ್ಲ. ಆದರೆ ಅಷ್ಟು ದೊಡ್ಡ ಖರ್ಚಿಗೆ ಅದು ಸಾಲಲಿಲ್ಲ. ಮೇ 15ರಂದು ಬರಬೇಕಿದ್ದ ಸಂಬಳ ಬರಲಿಲ್ಲ. ಆಮೇಲೂ ಜನ ದಿನಾ ಕೆಲಸಕ್ಕೆ ಬಂದರು. ಮೇ 24ರಂದು ಇಮೇಲ್ ಬಂತು: ಎಲ್ಲರಿಗೂ ಕೆಲಸ ಇಲ್ಲ. ಸುಮಾರು 380 ಜನ. ಅದೇ ದಿನಕ್ಕೆ ಆರೋಗ್ಯ ವಿಮೆಯೂ ಮುಗಿಯಿತು. ಬಸುರಿ ಹೆಂಡತಿಯರಿದ್ದ ಮನೆಗಳೂ ಅದರಲ್ಲಿದ್ದವು. ಇನ್ನು ಕೆಲವರಿಗೆ, ಮಾರಾಟವಾಯಿತು ಅಂದುಕೊಂಡಿದ್ದ ಹಳೇ ಮನೆ ಮಾರಾಟವೇ ಆಗಿರಲಿಲ್ಲ, ಅದರ ಸಾಲ ಇನ್ನೂ ತಮ್ಮ ತಲೆ ಮೇಲೇ ಇದೆ ಅಂತ ಆಗ ಗೊತ್ತಾಯಿತು. ಬಾಕಿ ಸಂಬಳದಲ್ಲಿ ಒಂದು ಸಣ್ಣ ಭಾಗ ಸಿಗೋಕೆ 2021ರವರೆಗೆ ಕಾಯಬೇಕಾಯಿತು.

‘ಅದು ಅಮೆರಿಕ, ಇಲ್ಲಿ ಹಂಗಾಗಲ್ಲ’ ಅಂತೀರಾ? ಬೆಂಗಳೂರಿನದೇ ಕಥೆ ಇದೆ, ಆದರೆ ಅದು ಸ್ವಲ್ಪ ಸಮಾಧಾನದ್ದು. 1997ರಲ್ಲಿ ರಾಜೇಶ್ ರಾವ್ ಇಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಮೊದಲ ಗೇಮ್ ಕಂಪನಿಗಳಲ್ಲೊಂದು. ಹೊರದೇಶದ ದೊಡ್ಡ ದೊಡ್ಡ ಗೇಮ್‌ಗಳಿಗೆ ಕಾರು, ಮರ, ಕಟ್ಟಡ ಹೀಗೆ ಚಿತ್ರಗಳನ್ನ ಮಾಡಿಕೊಡುವ ಕೆಲಸ. ಸದ್ದುಗದ್ದಲವಿಲ್ಲದೆ ಇಪ್ಪತ್ತು ವರ್ಷ ದುಡಿದು ಮುನ್ನೂರಕ್ಕೂ ಹೆಚ್ಚು ಜನರ ಕಂಪನಿಯಾಯಿತು. 2016ರ ಕೊನೆಗೆ ಸ್ಟಾರ್‌ಬ್ರೀಜ್ ಎಂಬ ಸ್ವೀಡನ್ ಕಂಪನಿ ಇದನ್ನ ಕೊಳ್ಳಲು ಮುಂದೆ ಬಂತು. ಅದೋ, ಸಿಕ್ಕಿದ್ದಕ್ಕೆಲ್ಲ ಕೈ ಹಾಕಿ ಭರ್ರನೆ ಬೆಳೆಯುತ್ತಿದ್ದ ಕಂಪನಿ. 2018ರಲ್ಲಿ ಅದರ ದೊಡ್ಡ ಗೇಮ್ ಒಂದು ನೆಲಕಚ್ಚಿತು, ಆ ಡಿಸೆಂಬರ್‌ನಲ್ಲೇ ಕೋರ್ಟಿನ ರಕ್ಷಣೆ ಕೇಳುವ ಸ್ಥಿತಿ ಬಂತು. 2019ರಲ್ಲಿ ಧ್ರುವವನ್ನ ರಾಕ್‌ಸ್ಟಾರ್ ಕಂಪನಿಗೆ ಮಾರಿತು. ಬೀಳುತ್ತಿದ್ದ ಯಜಮಾನನ ಕೈಯಿಂದ ಬೇರೆ ಕೈಗೆ ಹೋದರೂ ನಮ್ಮವರ ಕೆಲಸಕ್ಕೆ ಬೆಲೆ ಇತ್ತು, ಯಾಕೆಂದರೆ ಅವರ ಹೊಟ್ಟೆಪಾಡು ಒಂದೇ ಗೇಮಿಗೆ ಅಂಟಿಕೊಂಡಿರಲಿಲ್ಲ. ನನ್ನ ಮಟ್ಟಿಗೆ ಇಂಥ ಕಂಪನಿಗಳೇ ಮೇಲು, ಪತ್ರಿಕೆಯಲ್ಲಿ ಫೋಟೋ ಬರದಿದ್ದರೂ ಸರಿ.

ಇನ್ನು ದುಡ್ಡು ಕಟ್ಟಿ ಆಡುವ ಗೇಮ್‌ಗಳ ಕಂಪನಿಯಾದರೆ ಲೆಕ್ಕವೇ ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಥ ಆನ್‌ಲೈನ್ ಆಟಗಳನ್ನ ನಿಷೇಧಿಸುವ ಕಾನೂನು ಪಾಸು ಮಾಡಿತು. ಬೆಂಗಳೂರಿನಲ್ಲೇ ದೊಡ್ಡದಾಗಿ ಬೆಳೆದಿದ್ದ ಎಂಪಿಎಲ್, ಭಾರತದಲ್ಲಿನ ತನ್ನ ಸಿಬ್ಬಂದಿಯಲ್ಲಿ ಶೇ 60ರಷ್ಟು ಕಡಿತ ಮಾಡಲಿದೆ ಅಂತ ಅದೇ ತಿಂಗಳ ಕೊನೆಗೆ ಸುದ್ದಿ ಬಂತು. ಸಾಲ ತೀರಿಸೋಕೆ ಚಿನ್ನ ಅಡವಿಟ್ಟ ಮನೆಗಳನ್ನ ಕಂಡ ನನಗೆ ಆ ಆಟಗಳು ನಿಂತಿದ್ದಕ್ಕೆ ಬೇಸರವಿಲ್ಲ. ಕೆಲಸ ಕಳಕೊಂಡ ಹುಡುಗ ಹುಡುಗಿಯರ ಬಗ್ಗೆ ಮಾತ್ರ ಇದೆ.

ಹಾಗಂತ ‘ಬೇಡಪ್ಪ, ಸರ್ಕಾರಿ ಕೆಲಸಕ್ಕೇ ಪರೀಕ್ಷೆ ಬರಿ’ ಅಂತ ಮಗನ ಉತ್ಸಾಹಕ್ಕೆ ನೀರೆರಚಬೇಡಿ. ಬೆಳೆಯುವ ಕಂಪನಿಯಲ್ಲಿ ಲಾಭವೂ ಇದೆ. ಹಳೇ ದೊಡ್ಡ ಕಂಪನಿಯಲ್ಲಿ ಹತ್ತು ವರ್ಷಕ್ಕೆ ಸಿಗುವ ಜವಾಬ್ದಾರಿ ಇಲ್ಲಿ ಎರಡೇ ವರ್ಷಕ್ಕೆ ಸಿಗಬಹುದು. ಇಂಜಿನಿಯರಿಂಗ್ ಮಾಡದವರಿಗೂ ಜಾಗ ಇದೆ: ಚಿತ್ರ ಬರೆಯುವವರು, ಕಥೆ ಹೆಣೆಯುವವರು, ಸಂಗೀತದವರು. ಚಿತ್ರಕಲಾ ಪರಿಷತ್ತಿನಲ್ಲಿ ಓದಿದ ಮಗಳಿಗೆ ‘ಮುಂದೇನು?’ ಅಂತ ಕೇಳುವ ನೆಂಟರಿಗೆ ಇದು ಒಳ್ಳೇ ಉತ್ತರ. ಜಿಂಗಾ ಕೂಡ ಪೂರ್ತಿ ಮುಳುಗಲಿಲ್ಲ ನೋಡಿ. ನಿಧಾನವಾಗಿ ಮೊಬೈಲ್ ಗೇಮ್‌ಗಳತ್ತ ಹೊರಳಿ ಎದ್ದು ನಿಂತಿತು, 2022ರಲ್ಲಿ ಟೇಕ್-ಟೂ ಕಂಪನಿ ಅದನ್ನ ಸುಮಾರು 1,270 ಕೋಟಿ ಡಾಲರಿಗೆ ಕೊಂಡಿತು. ಆದರೆ 2013ರಲ್ಲಿ ಹೊರಬಿದ್ದವರ ಇಎಂಐ 2022ರವರೆಗೆ ಕಾಯುತ್ತದಾ?

ಹಾಗಾಗಿ ಆಫರ್ ಲೆಟರ್ ಬಂದ ದಿನ ಅಡುಗೆ ಮನೆಯಲ್ಲೇ ಕೂತು ನಾಲ್ಕು ಮಾತು ಕೇಳಿ. ಈ ಕಂಪನಿಯ ಗಳಿಕೆ ಎಷ್ಟು ಗೇಮಿನಿಂದ? ಮುಂದಿನದು ಯಾವಾಗ? ಹೊಸ ಜನರನ್ನ ತಗೋತಿರೋದು ಗಳಿಸಿದ ದುಡ್ಡಿನಲ್ಲಾ, ಹೂಡಿಕೆದಾರರ ದುಡ್ಡಿನಲ್ಲಾ? ಮಗ ಸಂಕೋಚಪಡಬಹುದು. ಸಂದರ್ಶನದ ಕೊನೆಗೆ ‘ನೀವು ಏನಾದರೂ ಕೇಳೋದಿದೆಯಾ?’ ಅಂತ ಅವರೇ ಕೇಳುತ್ತಾರಲ್ಲ, ಆಗ ಕೇಳಬಹುದು. ಷೇರನ್ನ ಸಂಬಳದ ಲೆಕ್ಕಕ್ಕೆ ಸೇರಿಸಲೇಬೇಡಿ, ಬಂದರೆ ಬೋನಸ್. ಜಾಯ್ನಿಂಗ್ ಬೋನಸ್ ಕೊಟ್ಟಿದ್ದರೆ, ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕಾ ಅಂತ ಲೆಟರಿನ ಸಣ್ಣ ಅಕ್ಷರ ಓದಿ.

ಕಂಪನಿಯ ಗ್ರೂಪ್ ವಿಮೆಯ ಭರವಸೆಯಲ್ಲೇ ಇರಬೇಡಿ, ಸಾಮಾನ್ಯವಾಗಿ ಕೆಲಸದ ಜೊತೆಗೇ ಅದೂ ಹೋಗುತ್ತದೆ. ಅಪ್ಪ ಅಮ್ಮನಿಗೆ ಬೇರೆ ಪಾಲಿಸಿ ಇರಲಿ. ಕೆಲಸ ಬಿಡುವ ಸಂದರ್ಭ ಬಂದರೆ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಸಾಧ್ಯವಾ ಅಂತ ಕೊನೇ ದಿನಕ್ಕೆ ಮುಂಚೆಯೇ ವಿಚಾರಿಸಿ. ಪಿಎಫ್ ಪಾಸ್‌ಬುಕ್ಕನ್ನ ತಿಂಗಳಿಗೊಮ್ಮೆ ತೆರೆದು ನೋಡಲು ಹೇಳಿ. ಸಂಬಳದಿಂದ ಹಿಡಿದ ದುಡ್ಡು ಅಲ್ಲಿ ಜಮಾ ಆಗುತ್ತಿಲ್ಲ ಅಂದರೆ ಕಂಪನಿಯ ಕೈ ಬಿಗಿಯಾಗಿದೆ ಅಂತ ಅನುಮಾನ ಪಡಲೇಬೇಕು. ಆರು ತಿಂಗಳ ಮನೆಖರ್ಚು ಕೈಯಲ್ಲಿ ಬೀಳುವವರೆಗೆ ದೊಡ್ಡ ಇಎಂಐ ಬೇಡ.

ಆಂಟಿ ನಿನ್ನೆ ಲಿಫ್ಟಿನಲ್ಲಿ ಸಿಕ್ಕಿದ್ದರು. ಮಗ ವಿಚಾರಿಸಿದನಂತೆ. ಗಳಿಕೆಯೆಲ್ಲ ಒಂದೇ ಗೇಮಿನದು, ಎರಡನೆಯದು ಮುಂದಿನ ದೀಪಾವಳಿಗೆ ಬರಬೇಕಂತೆ. ‘ಸೋಮವಾರ ಸೇರ್ತಾನೆ ಕಣಮ್ಮ. ಫ್ಲಾಟಿನ ಅಡ್ವಾನ್ಸ್ ಮಾತ್ರ ದೀಪಾವಳಿ ಆದ್ಮೇಲೆ ನೋಡೋಣ ಅಂತ ಅಂಕಲ್ ಹೇಳಿದ್ರು’ ಅಂದರು. ಮೈಸೂರುಪಾಕಿನ ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇದೆ, ಖಾಲಿ ಡಬ್ಬಿ ವಾಪಸ್ ಕೊಡಬಾರದಲ್ಲ, ಏನು ತುಂಬಿಸಲಿ ಅಂತ ಯೋಚಿಸುತ್ತಿದ್ದೇನೆ.