"ಕಂಡಿತೇ?" "ಕಂಡಿತು ಸಾರ್"

ಮದುವೆಮನೆಗಳಲ್ಲಿ ಅರುಂಧತಿ ನಕ್ಷತ್ರವನ್ನು ತೋರಿಸುವ ಶಾಸ್ತ್ರ ನಿಮಗೆಲ್ಲ ಗೊತ್ತೇ ಇದೆ. ಪುರೋಹಿತರು ವಧೂವರರನ್ನು ಮಂಟಪದ ಹೊರಗೆ ಕರೆತಂದು ಆಕಾಶದತ್ತ ಕೈ ತೋರಿ "ಕಂಡಿತೇ?" ಎಂದು ಕೇಳುತ್ತಾರೆ. ನಡುಹಗಲ ಬಿಸಿಲು. ಆದರೂ ಇಬ್ಬರೂ "ಕಂಡಿತು" ಎನ್ನುತ್ತಾರೆ. ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಇದೇ ಪ್ರಶ್ನೆ ಮತ್ತು ಇದೇ ಉತ್ತರದ ಮೇಲೆ ನೂರಾರು ಜನರ ಪ್ರಾಣ ನಿಂತಿರುವ ಒಂದು ಕ್ಷೇತ್ರವಿದೆ. ಅದು ವಿಮಾನಯಾನ.

ಅದಕ್ಕೆ ಮುನ್ನ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ಶಾಲೆಯ ಪ್ರವಾಸದಲ್ಲಿ ಹಳೇಬೀಡಿನಿಂದ ಬೇಲೂರಿಗೆ ಹೊರಟಿದ್ದೆವು. ಬಸ್ಸು ಹತ್ತಿದ ಮೇಲೆ ಎಣಿಸುವ ಬದಲು ಹಿಂದಿನ ಸಾಲಿನ ಹುಡುಗನೊಬ್ಬನಿಗೆ "ನಿನ್ನ ಜೊತೆಗಾರ ಇದ್ದಾನೇನೋ?" ಎಂದು ಕೂಗಿ ಕೇಳಿದೆ. "ಇದ್ದಾನೆ ಸಾರ್, ಕಾಣಿಸ್ತಿದ್ದಾನೆ" ಎಂದ. ಅವನು ಸುಳ್ಳು ಹೇಳಲಿಲ್ಲ. ನೀಲಿ ಚಡ್ಡಿ, ಬಿಳಿ ಅಂಗಿಯ ಒಂದು ಬೆನ್ನನ್ನು ಅವನು ಕಂಡಿದ್ದ. ಆದರೆ ಅದು ಬೇರೆಯವನ ಬೆನ್ನು. ಬೇಲೂರಿನಲ್ಲಿ ಎಣಿಸಿದಾಗ ಒಂದು ತಲೆ ಕಡಿಮೆ. ಎದೆ ಬಡಿದುಕೊಳ್ಳುತ್ತ ಹಿಂದಿರುಗಿದಾಗ ಆ ಹುಡುಗ ನಂದಿಮಂಟಪದ ಮೆಟ್ಟಿಲ ಮೇಲೆ ಕುಳಿತಿದ್ದ. "ನೀವು ಬರ್ತೀರಿ ಅಂತ ಗೊತ್ತಿತ್ತು ಸಾರ್" ಎಂದ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆ ಹುಡುಗ ಈಗ ಅಮೆರಿಕದ ವರ್ಜೀನಿಯಾದಲ್ಲಿ ಸಂಸಾರವಂದಿಗ. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್ನಿನ ರೇಗನ್ ವಿಮಾನ ನಿಲ್ದಾಣದ ಬಳಿ, ಪೊಟೊಮ್ಯಾಕ್ ನದಿಯ ಮೇಲೆ, ಇಳಿಯುತ್ತಿದ್ದ ಪ್ರಯಾಣಿಕ ವಿಮಾನವೊಂದಕ್ಕೆ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಡಿಕ್ಕಿ ಹೊಡೆದು 67 ಮಂದಿ ಸತ್ತರಷ್ಟೆ. ಮಾರನೆಯ ದಿನ ಅವನ ದೂರವಾಣಿ ಬಂದಿತು. "ನಾನು ಯಾವಾಗಲೂ ಇಳಿಯುವ ನಿಲ್ದಾಣ ಸಾರ್. ಆ ಹೆಲಿಕಾಪ್ಟರಿನವರು ವಿಮಾನ ಕಾಣಿಸ್ತಿದೆ ಅಂತ ಹೇಳಿದ್ದರಂತೆ" ಎಂದ. ಇಬ್ಬರೂ ಕ್ಷಣಕಾಲ ಮಾತಾಡಲಿಲ್ಲ. ಅಂದಿನಿಂದ ಈ ವಿಷಯವನ್ನು ಓದುತ್ತ ಬಂದಿದ್ದೇನೆ.

ನಿಲ್ದಾಣಗಳ ಸುತ್ತ ರೇಡಾರಿನ ಆಧಾರದ ಮೇಲೆ ವಿಮಾನಗಳನ್ನು ನಡೆಸುವಾಗ ಎರಡರ ನಡುವೆ ಸಾಮಾನ್ಯವಾಗಿ ಮೂರು ನಾಟಿಕಲ್ ಮೈಲಿ, ಇಲ್ಲವೇ ಎತ್ತರದಲ್ಲಿ ಸಾವಿರ ಅಡಿ ಅಂತರವಿರಬೇಕು. ಈ ಅಂತರವನ್ನು ಕಡಿಮೆ ಮಾಡಲು ಇರುವ ಉಪಾಯವೇ ದೃಷ್ಟಿಯ ಮೂಲಕ ಅಂತರ ಕಾಯುವ ಪದ್ಧತಿ. ಗೋಪುರದಲ್ಲಿ ಕುಳಿತ ನಿಯಂತ್ರಕನು ಎರಡೂ ವಿಮಾನಗಳನ್ನು ಕಣ್ಣಾರೆ ಕಾಣುತ್ತ ಬೇರ್ಪಡಿಸುವುದು ಒಂದು ಬಗೆ. ಒಂದು ವಿಮಾನದ ಪೈಲಟ್ "ಇನ್ನೊಂದು ನನಗೆ ಕಾಣಿಸುತ್ತಿದೆ" ಎಂದು ತಿಳಿಸಿ, ಅದರಿಂದ ದೂರವಿರುವ ಹೊಣೆಯನ್ನು ತಾನೇ ಒಪ್ಪಿಕೊಳ್ಳುವುದು ಇನ್ನೊಂದು ಬಗೆ. ಈ ಎರಡನೆಯದರಲ್ಲಿ ಒಂದೇ ಒಂದು ವಾಕ್ಯದಿಂದ ಭಾರವು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಸಾಗುತ್ತದೆ.

ಇದನ್ನು ಮೂರ್ಖತನವೆಂದು ನಾನು ಹೇಳಲಾರೆ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದ ಜೋಡಿ ಓಟಪಥಗಳ ನಡುರೇಖೆಗಳಿಗೆ ಇರುವ ಅಂತರ 750 ಅಡಿ ಮಾತ್ರ. ಅಲ್ಲಿ ತಿಳಿಯಾದ ಹಗಲಿನಲ್ಲಿ ಪೈಲಟ್ಟುಗಳ ಕಣ್ಣನ್ನು ನಂಬಿ ದಶಕಗಳ ಕಾಲ ವಿಮಾನಗಳನ್ನು ಅಕ್ಕಪಕ್ಕದಲ್ಲಿ ಇಳಿಸಿದ್ದುಂಟು. ಅಂತರವನ್ನು ಅಂಕಿಗಳಲ್ಲಿ ನಿಗದಿಪಡಿಸಿದ ಮಾತ್ರಕ್ಕೆ ಅಪಾಯ ತಪ್ಪುತ್ತದೆಂದೂ ಅಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳಿಗೆ ಸಾವಿರ ಅಡಿಯ ಅಂತರವನ್ನು ಗೊತ್ತುಮಾಡಿಯೇ ಇತ್ತು. ಒಂದು ವಿಮಾನ ತನಗೆ ಹೇಳಿದ ಎತ್ತರಕ್ಕಿಂತ ಕೆಳಗಿಳಿಯಿತು. 349 ಜನ ಸತ್ತರು.

ಆದರೂ ಕಣ್ಣಿನ ಮಿತಿ ಬೇರೆಯೇ ಬಗೆಯದು. ನನ್ನ ವಿಜ್ಞಾನದ ತರಗತಿಯಲ್ಲಿ ಕುಳಿತಿದ್ದವರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು. ಎರಡು ವಿಮಾನಗಳು ನೇರ ದಾರಿಯಲ್ಲಿ, ಒಂದೇ ವೇಗದಲ್ಲಿ, ಡಿಕ್ಕಿಯತ್ತ ಸಾಗುತ್ತಿದ್ದರೆ ಎದುರಿನ ವಿಮಾನವು ಗಾಜಿನ ಮೇಲೆ ಅತ್ತಿತ್ತ ಸರಿಯುವುದಿಲ್ಲ. ಒಂದೇ ಜಾಗದಲ್ಲಿ ಚುಕ್ಕೆಯಂತೆ ನಿಂತಿದ್ದು ಕೊನೆಯ ಕೆಲವು ಸೆಕೆಂಡುಗಳಲ್ಲಿ ಮಾತ್ರ ದೊಡ್ಡದಾಗುತ್ತದೆ. ನಮ್ಮ ಕಣ್ಣಾದರೋ ಚಲಿಸುವುದನ್ನು ಬೇಗ ಹಿಡಿಯುತ್ತದೆ, ನಿಂತದ್ದನ್ನು ಬಿಟ್ಟುಬಿಡುತ್ತದೆ. ಹೀಗಾಗಿ ಅತ್ಯಂತ ಅಪಾಯಕಾರಿಯಾದದ್ದೇ ಕಣ್ಣಿಗೆ ಬೀಳುವುದು ಕಡಿಮೆ. ರಾತ್ರಿಯಲ್ಲಂತೂ ಬೆಳಕಿನ ಒಂದು ಬಿಂದು ತಾನೆಷ್ಟು ದೂರದಲ್ಲಿದ್ದೇನೆಂದು ಹೇಳುವುದಿಲ್ಲ. ಕೆಳಗೆ ನಗರದ ದೀಪಗಳಿದ್ದರೆ ಅವುಗಳಲ್ಲಿ ಬೆರೆತೇ ಹೋಗುತ್ತದೆ.

ಹಗಲಿನಲ್ಲೂ ಮೋಸ ತಪ್ಪಿದ್ದಲ್ಲ. 1978ರ ಸೆಪ್ಟೆಂಬರ್ 25ರ ಬೆಳಗ್ಗೆ ಸ್ಯಾನ್ ಡಿಯೇಗೊದಲ್ಲಿ ಇಳಿಯಲಿದ್ದ ಬೋಯಿಂಗ್ 727ರ ಪೈಲಟ್ಟುಗಳು ಮುಂದಿದ್ದ ಪುಟ್ಟ ಸೆಸ್ನಾವನ್ನು ಕಂಡೆವೆಂದು ಹೇಳಿ ಹೊಣೆ ಹೊತ್ತರು. ಆಮೇಲೆ ಅದು ಕಣ್ಮರೆಯಾಯಿತು. ಬಲಕ್ಕೆ ದಾಟಿ ಹೋಗಿರಬೇಕೆಂದು ಊಹಿಸಿದರು. ಆದರೆ ಕಾಣದಾಗಿದೆ ಎಂಬುದು ನಿಯಂತ್ರಕನಿಗೆ ಸ್ಪಷ್ಟವಾಗಿ ತಲುಪಲಿಲ್ಲ. ಇತ್ತ ನಿಯಂತ್ರಣ ಕೇಂದ್ರದ ಯಂತ್ರವು ಎಚ್ಚರಿಕೆ ನೀಡಿದಾಗಲೂ, ಪೈಲಟ್ ಕಂಡಿದ್ದಾನಲ್ಲ ಎಂಬ ನಂಬಿಕೆಯಿಂದ ಅದು ಪೈಲಟ್ಟುಗಳವರೆಗೆ ಹೋಗಲಿಲ್ಲ. ನೆಲದ ಮೇಲಿದ್ದವರೂ ಸೇರಿ 144 ಸಾವು.

ನಲವತ್ತಾರು ವರ್ಷಗಳ ತರುವಾಯ ವಾಷಿಂಗ್ಟನ್ನಿನಲ್ಲಿ ಅದೇ ಪಾಠ. ಹೆಲಿಕಾಪ್ಟರಿನವರು ವಿಮಾನ ಕಾಣುತ್ತಿದೆಯೆಂದು ಎರಡು ಬಾರಿ ಹೇಳಿದರು. ದೃಷ್ಟಿಯ ಅಂತರಕ್ಕೆ ತಾವೇ ಅನುಮತಿ ಕೇಳಿ ಪಡೆದರು. ಅವರು ರಾತ್ರಿದೃಷ್ಟಿಯ ಕನ್ನಡಕ ಧರಿಸಿದ್ದರು; ಅದರೊಳಗಿಂದ ಕಾಣುವ ನೋಟ ಕಿರಿದು. ಹೆಲಿಕಾಪ್ಟರ್ ಮತ್ತು ವಿಮಾನ ಬೇರೆ ಬೇರೆ ರೇಡಿಯೊ ತರಂಗಾಂತರಗಳಲ್ಲಿದ್ದುದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ. ಎರಡನ್ನೂ ಆಗ ನೋಡಿಕೊಳ್ಳುತ್ತಿದ್ದವನು ಒಬ್ಬನೇ ನಿಯಂತ್ರಕ. ವಿಮಾನದವರಿಗೆ ಹೆಲಿಕಾಪ್ಟರಿನ ಸುಳಿವನ್ನೇ ಕೊಟ್ಟಿರಲಿಲ್ಲ. 2026ರ ಜನವರಿಯಲ್ಲಿ ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿಯು, ವಿಮಾನ ಇಳಿಯುವ ದಾರಿಗೆ ತೀರ ಹತ್ತಿರದಲ್ಲಿದ್ದ ಹೆಲಿಕಾಪ್ಟರ್ ಮಾರ್ಗದೊಂದಿಗೆ ದೃಷ್ಟಿಯ ಅಂತರದ ಮೇಲಿನ ಅತಿಯಾದ ಅವಲಂಬನೆಯನ್ನೂ ಕಾರಣವಾಗಿ ಹೆಸರಿಸಿತು.

ನನ್ನ ಅಭಿಪ್ರಾಯ ಇಷ್ಟು. ಕತ್ತಲಲ್ಲಿ, ದಟ್ಟಣೆಯ ನಿಲ್ದಾಣದ ಬಳಿ, "ಕಂಡಿತು" ಎಂಬ ಒಂದು ಮಾತಿಗೆ ಇಷ್ಟು ಭಾರ ಹೊರಿಸಬಾರದು. ಕಂಡದ್ದು ಯಾವ ವಿಮಾನ, ಯಾವ ದಿಕ್ಕಿನಲ್ಲಿ ಎಂಬುದನ್ನು ಕೇಳಿ ತಿಳಿಯಬೇಕು. ಕಾಣುತ್ತಿಲ್ಲದವನಿಗೂ, ಅಂದರೆ ಆ ಇನ್ನೊಂದು ವಿಮಾನಕ್ಕೂ, ವಿಷಯ ತಿಳಿದಿರಬೇಕು. ಹೊಣೆ ಪೈಲಟ್ಟಿನದಾದ ಮೇಲೂ ನಿಯಂತ್ರಕನ ಗಮನ ಕದಲಬಾರದು. ಹಾಗೆ ಗಮನವಿಡಲು ಅವನ ಮೇಲೆ ಮೂರಾಳಿನ ಕೆಲಸ ಹೇರಬಾರದು.

ಇದರಿಂದ ವಿಳಂಬವಾಗುತ್ತದೆಂಬ ಆಕ್ಷೇಪಣೆ ನಿಜವೇ. 2023ರ ಅಕ್ಟೋಬರಿನಲ್ಲಿ ಲುಫ್ತಾನ್ಸಾ ವಿಮಾನವೊಂದರ ಪೈಲಟ್ಟುಗಳು, ರಾತ್ರಿಯಲ್ಲಿ ದೃಷ್ಟಿಯ ಅಂತರವನ್ನು ಒಪ್ಪುವುದು ತಮ್ಮ ಸಂಸ್ಥೆಯ ನಿಯಮಕ್ಕೆ ವಿರುದ್ಧವೆಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಿರಾಕರಿಸಿದರು. ಕಾದು ಕಾದು ಕೊನೆಗೆ ಪಕ್ಕದ ಓಕ್ಲೆಂಡಿನಲ್ಲಿ ಇಳಿದರು. ಹಲವರು ಅವರನ್ನು ಹಟಮಾರಿಗಳೆಂದು ಆಡಿಕೊಂಡರು. ನನಗೆ ಅವರ ಮೇಲೆ ಗೌರವವಿದೆ. ಅರ್ಧ ಗಂಟೆ ತಡವಾದರೆ ಗೊಣಗುವ ನಾವು ಪ್ರಯಾಣಿಕರೂ ಆ "ಕಂಡಿತು" ಎಂಬ ಆತುರದ ಉತ್ತರವನ್ನು ಹಿಂದಿನಿಂದ ತಳ್ಳುತ್ತಿರುತ್ತೇವೆ.

ಮೂವತ್ತಕ್ಕೂ ಹೆಚ್ಚು ವರ್ಷ ನಾನು ತರಗತಿಯಲ್ಲಿ "ತಿಳಿಯಿತೇ?" ಎಂದು ಕೇಳಿದೆ. "ತಿಳಿಯಿತು ಸಾರ್" ಎಂದು ಒಕ್ಕೊರಲಿನಿಂದ ಹೇಳಿದಿರಿ. ಎಷ್ಟು ಜನರಿಗೆ ನಿಜವಾಗಿ ತಿಳಿದಿತ್ತೆಂಬುದು ಉತ್ತರಪತ್ರಿಕೆಗಳಲ್ಲಿ ಕಾಣುತ್ತಿತ್ತು. ತಪ್ಪು ನಿಮ್ಮದಲ್ಲ. ಗಂಟೆ ಹೊಡೆಯುವುದರೊಳಗೆ ಪಾಠ ಮುಗಿಸಬೇಕಿದ್ದ ನನಗೆ ಆ ಉತ್ತರವೇ ಬೇಕಾಗಿತ್ತು. "ಇಲ್ಲ ಸಾರ್, ತಿಳಿಯಲಿಲ್ಲ" ಎಂದ ಕೆಲವರ ಮೇಲೆ ನಾನು ಸಿಡುಕಿದ್ದೂ ಉಂಟು. ಅವರು ಇದನ್ನು ಓದುತ್ತಿದ್ದರೆ ಕ್ಷಮಿಸಲಿ.

ವರ್ಜೀನಿಯಾದ ಹುಡುಗ ಕಳೆದ ಬಾರಿ ಊರಿಗೆ ಬಂದಾಗ ಮನೆಗೂ ಬಂದಿದ್ದ. ಹೊರಡುವಾಗ ಮಕ್ಕಳನ್ನು ಕಾರಿಗೆ ಹತ್ತಿಸಿದವನು ತಿರುಗಿ ನನ್ನನ್ನು ನೋಡಿ ನಕ್ಕು, ಒಂದೊಂದೇ ತಲೆಯನ್ನು ಮುಟ್ಟಿ ಎಣಿಸಿದ. ಇದ್ದದ್ದು ಇಬ್ಬರೇ ಮಕ್ಕಳು.