ಅನ್ನನಾಳದ ಸ್ಟೆಂಟು ಮತ್ತು ಬರೆಯದೆ ಉಳಿದ ಒಂದು ಸಾಲು

ನಮ್ಮ ಕಡೆ 'ಸ್ಟೆಂಟ್' ಎಂದೊಡನೆ ಜನರಿಗೆ ನೆನಪಾಗುವುದು ಹೃದಯ. ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಬೀದಿಗೊಬ್ಬರಾದರೂ ಇದ್ದಾರೆ. (ಹತ್ತೊಂಬತ್ತನೆಯ ಶತಮಾನದ ಆಂಗ್ಲ ದಂತವೈದ್ಯ ಚಾರ್ಲ್ಸ್ ಸ್ಟೆಂಟ್ ಅವರ ಹೆಸರಿನಿಂದ ಬಂದಿತೆನ್ನಲಾಗುವ ಈ ಪದ ಹಲ್ಲಿನಿಂದ ಹೊರಟು ದೇಹದ ನಾಳಗಳನ್ನೆಲ್ಲ ಹೊಕ್ಕಿರುವುದು ಭಾಷಾಪ್ರಿಯರಿಗೊಂದು ಸೋಜಿಗ.) ಆದರೆ ನಾನಿಲ್ಲಿ ಹೇಳಹೊರಟಿರುವುದು ಅನ್ನನಾಳದ ಸ್ಟೆಂಟನ್ನು ಕುರಿತು.

ಅನ್ನನಾಳದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ರೋಗಗ್ರಸ್ತ ಭಾಗವನ್ನು ತೆಗೆದು, ಸಾಮಾನ್ಯವಾಗಿ ಜಠರವನ್ನೇ ಕೊಳವೆಯಂತೆ ರೂಪಿಸಿ, ಮೇಲಕ್ಕೆಳೆದು, ಉಳಿದ ಅನ್ನನಾಳಕ್ಕೆ ಜೋಡಿಸಿ ಹೊಲಿಯುತ್ತಾರೆ. ಕೆಲವರಲ್ಲಿ ಆ ಜೋಡಣೆ ಕೂಡಿಕೊಳ್ಳದೆ ಸೋರುತ್ತದೆ. ನುರಿತ ಕೈಗಳಲ್ಲಿಯೂ ಇದು ಸಂಭವಿಸುವುದುಂಟು. ಜೋಡಣೆ ಎದೆಗೂಡಿನೊಳಗಿದ್ದರೆ ಎಂಜಲು, ಜಠರರಸ ಅಲ್ಲಿ ಹರಡಿ ಕೀವಾಗಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಇಂಥ ಸ್ಥಿತಿಯಲ್ಲಿ ಮತ್ತೆ ಎದೆ ತೆರೆಯುವುದೆಂದರೆ ಬಳಲಿದ ದೇಹಕ್ಕೆ ಎರಡನೆಯ ಪೆಟ್ಟು. ಅದನ್ನು ತಪ್ಪಿಸಲು ಈಗ ತಕ್ಕ ರೋಗಿಗಳಲ್ಲಿ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಒಳಹೋದ ಮೇಲೆ ತಾನೇ ಅರಳಿಕೊಳ್ಳುವ, ಹೊದಿಕೆಯುಳ್ಳ ಲೋಹದ ಜಾಲರಿ ಕೊಳವೆಯನ್ನು ಕೂರಿಸುತ್ತಾರೆ. ನುಂಗಿದ್ದು ಕೊಳವೆಯೊಳಗೆ ಸಾಗುತ್ತದೆ, ರಂಧ್ರಕ್ಕೆ ಮಾಯಲು ಬಿಡುವು ಸಿಗುತ್ತದೆ. ಎದೆಯಲ್ಲಿ ನಿಂತ ಕೀವನ್ನು ಬೇರೆ ನಳಿಕೆಯಿಂದ ಹೊರತೆಗೆಯಲೇಬೇಕು. ಸ್ಟೆಂಟೊಂದೇ ಆ ಕೆಲಸ ಮಾಡದು.

ಇಷ್ಟನ್ನು ವೈದ್ಯರು ಹೇಳುತ್ತಾರೆ. ಹೇಳದೆ ಬಿಡುವುದು, ಅಥವಾ ಅವಸರದಲ್ಲಿ ಹೇಳಿಬಿಡುವುದು, ಮುಂದಿನ ಮಾತನ್ನು. ಹೃದಯದ ಸ್ಟೆಂಟ್ ಜೀವಮಾನವಿಡೀ ಇರುತ್ತದೆ. ಸೋರಿಕೆಗೆ ಹಾಕಿದ ಈ ಸ್ಟೆಂಟನ್ನಾದರೋ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತೆಗೆಯಬೇಕು. ಅದು ಕೆಳಕ್ಕೆ ಜಾರಬಹುದು. ಬಹುಕಾಲ ಬಿಟ್ಟರೆ ಸುತ್ತಲಿನ ಅಂಗಾಂಶ ಅದರೊಡನೆ ಬೆಸೆದುಕೊಂಡು ತೆಗೆಯುವುದೇ ಕಷ್ಟವಾಗಬಹುದು, ಅಪರೂಪಕ್ಕೆ ಪಕ್ಕದ ರಕ್ತನಾಳವನ್ನೇ ಕೊರೆದು ಭೀಕರ ರಕ್ತಸ್ರಾವವಾಗಬಹುದು. ಇನ್ನೊಂದು ಗೊಂದಲವೂ ಇದೆ. ಗುಣವಾಗದ ಹಂತ ತಲುಪಿದವರಿಗೆ ನುಂಗಲು ಅನುವಾಗಲೆಂದು ಹಾಕುವುದೂ ಅನ್ನನಾಳದ ಸ್ಟೆಂಟೇ. ಅದನ್ನು ಕಂಡ ನೆಂಟರು ಇವರದ್ದೂ ಮುಗಿಯಿತೆಂದು ಕಣ್ಣೀರಿಡುತ್ತಾರೆ.

ಪರಿಚಿತರೊಬ್ಬರ ಡಿಸ್ಚಾರ್ಜ್ ಪತ್ರವನ್ನು ನಾನೇ ಓದಿದ್ದೇನೆ. ಇಂಗ್ಲಿಷಿನಲ್ಲಿ 'ಸ್ಟೆಂಟ್ ಇನ್ ಸಿಟು' ಎಂದಿತ್ತು, ಅಂದರೆ ಸ್ಟೆಂಟ್ ಅದರ ಜಾಗದಲ್ಲಿದೆ. ಮನೆಯವರು ಅದನ್ನು ಶುಭವಾರ್ತೆಯೆಂದೇ ಭಾವಿಸಿ ನಿಶ್ಚಿಂತರಾಗಿದ್ದರು. "ತೆಗೆಸಲು ಯಾವಾಗ ಹೋಗುತ್ತೀರಿ?" ಎಂದು ಊರಿನ ನರ್ಸಮ್ಮ ಕೇಳಿದಾಗಲೇ ಅವರಿಗೆ ಎಚ್ಚರವಾದದ್ದು.

ಹೊರರೋಗಿ ವಿಭಾಗದ ಜನಜಂಗುಳಿಯಲ್ಲಿ ವೈದ್ಯರಿಗೆ ಪುರಸೊತ್ತೆಲ್ಲಿ ಎಂದು ಕೇಳುವವರಿದ್ದಾರೆ. ಒಪ್ಪುತ್ತೇನೆ. ಆದರೆ ನಾನು ಕೇಳುತ್ತಿರುವುದು ಪ್ರವಚನವನ್ನಲ್ಲ. "ಈ ಸ್ಟೆಂಟನ್ನು ಇಂಥ ತಾರೀಖಿಗೆ ತೆಗೆಯಬೇಕು, ಅದರೊಳಗೆ ಜ್ವರ, ಎದೆನೋವು, ರಕ್ತವಾಂತಿ, ಕಪ್ಪು ಮಲ, ನುಂಗುವಾಗ ಕೆಮ್ಮು ಕಂಡರೆ ಕೂಡಲೇ ಬನ್ನಿ" ಎಂಬಷ್ಟನ್ನು ಕನ್ನಡದಲ್ಲಿ, ಮನೆಯ ಹುಡುಗರೂ ಓದಬಲ್ಲ ದುಂಡಕ್ಷರದಲ್ಲಿ, ಔಷಧದ ಚೀಟಿಯ ಮೇಲ್ಭಾಗದಲ್ಲೇ ಬರೆದುಕೊಡಲಿ. ಕೆಳಗೆ ವಾರ್ಡಿನ ದೂರವಾಣಿ ಸಂಖ್ಯೆಯೂ ಇರಲಿ.