ನೆಲ ಡೊಂಕಲ್ಲ, ಸ್ವಾಮಿ!



ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಮನೆಗಳಲ್ಲಿ ಈಗ ನಡೆಯುತ್ತಿರುವುದೂ ಅದೇ. ಗೋಡೆ ತುಂಬ 55 ಇಂಚಿನ ಟಿ.ವಿ. ತಂದು ನಿಲ್ಲಿಸುತ್ತೇವೆ. ಹಿಂದೊಮ್ಮೆ ಊರಿನಿಂದ ಬರುವಾಗ ಉಪ್ಪಿನಕಾಯಿ, ಹಪ್ಪಳಗಳ ನಡುವೆ ಜೋಪಾನವಾಗಿ ತಂದ ಕನ್ನಡ ಚಿತ್ರದ ಡಿವಿಡಿಯನ್ನು ಹಾಕುತ್ತೇವೆ. ಐದು ನಿಮಿಷ ನೋಡಿ, "ಛೆ, ಏನು ಮಸುಕು! ಇವನ್ನೆಲ್ಲ ಎಸೆದುಬಿಡಿ" ಎನ್ನುತ್ತೇವೆ. ಮುಂದಿನ ಸಲ ಫ್ಲ್ಯಾಟ್ ಬದಲಿಸುವಾಗ ಆ ಪೆಟ್ಟಿಗೆ ನೇರ ಕಸದ ತೊಟ್ಟಿಗೆ. ಈ ಪದ್ಧತಿಯನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಮಸುಕಿಗೆ ಬಹುಪಾಲು ಕಾರಣ ಡಿವಿಡಿ ಅಲ್ಲ, ನಮ್ಮ ರಿಮೋಟು.

"ಒಂದು ಸಿನಿಮಾಕ್ಕೆ ಇಷ್ಟೊಂದು ಕೋಪವೇ?" ಎಂದು ಕೇಳಬಹುದು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು. ಇಂದು ಅದನ್ನು ನೋಡೋಣವೆಂದರೆ ಪ್ರತಿಯೇ ಉಳಿದಿಲ್ಲ. ಕಳೆದುಕೊಳ್ಳುವುದರಲ್ಲಿ ನಾವು ಆಗಲೇ ನಿಸ್ಸೀಮರು! ಇನ್ನು ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳನ್ನು ನೋಡಿ. ಹಿಂದಿ, ಇಂಗ್ಲಿಷ್ ಚಿತ್ರಗಳು ಅವರಿಗೆ ಕನ್ನಡಿಯಂತೆ ಕಾಣುತ್ತವೆ. ಅಣ್ಣಾವ್ರು ಮಾತ್ರ ಅಡ್ಡಡ್ಡ ಊದಿಕೊಂಡು, ಮೇಣದ ಗೊಂಬೆಯಂತೆ ಕಾಣುತ್ತಾರೆ. ಕನ್ನಡ ಎಂದರೆ ಕಳಪೆ ಎಂದು ಮಗು ತೀರ್ಮಾನಿಸಿದರೆ ತಪ್ಪು ಯಾರದು? ಆಮೇಲೆ ಎಷ್ಟು ಕನ್ನಡ ತರಗತಿ ನಡೆಸಿದರೂ ಆ ತೀರ್ಮಾನ ಅಳಿಸುವುದು ಕಷ್ಟ.

ಸ್ವಲ್ಪ ಲೆಕ್ಕ ನೋಡೋಣ. ಪಾಲ್ ಪದ್ಧತಿಯ ಡಿವಿಡಿಯ ಒಂದು ಚಿತ್ರದಲ್ಲಿ 720ಕ್ಕೆ 576, ಅಂದರೆ 4,14,720 ಚುಕ್ಕೆಗಳು. ಫುಲ್ ಎಚ್‌ಡಿ ಪರದೆಯಲ್ಲಿ 1920ಕ್ಕೆ 1080, ಸರಿಯಾಗಿ ಅದರ ಐದು ಪಟ್ಟು. 4ಕೆ ಪರದೆಯಲ್ಲಿ ಇಪ್ಪತ್ತು ಪಟ್ಟು. ಮಿಕ್ಕ ಚುಕ್ಕೆಗಳನ್ನು ಯಂತ್ರವೇ ಊಹಿಸಿ ತುಂಬಬೇಕು. ಎರಡು ಮೀಟರ್ ಬಟ್ಟೆ ಕೊಟ್ಟು ಹತ್ತು ಮೀಟರಿನ ಉಡುಪು ಹೊಲಿ ಎಂದರೆ ನಮ್ಮ ಸತ್ವಾದ ಯಾವ ದರ್ಜಿಯೂ ಒಪ್ಪಲಾರ. ಆದರೆ ಇರುವ ಎರಡು ಮೀಟರನ್ನು ಅಳತೆಗೆ ಸರಿಯಾಗಿ ಕತ್ತರಿಸಿದರೆ ಒಳ್ಳೆಯ ಅಂಗಿಯಾಗುತ್ತದೆ. ನಾವು ಅಳತೆಯನ್ನೇ ಕೊಡದೆ ಬಟ್ಟೆಯನ್ನು ಬೈಯುತ್ತಿದ್ದೇವೆ.

ಮೊದಲ ಅಪರಾಧಿ ಹಳದಿ ವೈರು. ಅದು ಬೆಳಕು, ಬಣ್ಣ ಎರಡನ್ನೂ ಒಂದೇ ತಂತಿಯಲ್ಲಿ ಕಲಸಿ ಕಳಿಸುತ್ತದೆ. ಟಿ.ವಿ. ಅದನ್ನು ಪೂರ್ತಿ ಬೇರ್ಪಡಿಸಲಾರದೆ ಸೀರೆಯ ಅಂಚಿನಲ್ಲಿ ಇಲ್ಲದ ಬಣ್ಣಗಳು ಹರಿದಾಡುತ್ತವೆ. ಎಚ್‌ಡಿಎಂಐ ಕಿಂಡಿಯಿರುವ ಪ್ಲೇಯರ್ ಬಳಸಿ. ಹಳೆಯ ಪ್ಲೇಯರಾದರೆ ಕೆಂಪು, ಹಸಿರು, ನೀಲಿಯ ಕಾಂಪೊನೆಂಟ್ ಕೇಬಲ್ ಹಳದಿಗಿಂತ ಎಷ್ಟೋ ಮೇಲು. ಇಲ್ಲೇ ಇನ್ನೊಂದು ಮೋಸವಿದೆ. ಚಿನ್ನದ ಲೇಪವೆಂದು ಹೊಗಳಿ ದುಬಾರಿ ಎಚ್‌ಡಿಎಂಐ ಕೇಬಲ್ ಕಟ್ಟುವ ವ್ಯಾಪಾರಿಗಳಿದ್ದಾರೆ. ಅದರಲ್ಲಿ ಹರಿಯುವುದು ಅಂಕಿಗಳು. ಡಿವಿಡಿಯ ಮಟ್ಟಿಗೆ, ಎರಡು ಮೀಟರಿನ ಅಗ್ಗದ ಕೇಬಲ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಅದೇ ಚಿತ್ರ ಬರುತ್ತದೆ. ದುಬಾರಿ ಕೇಬಲ್ ಚಿತ್ರವನ್ನು ಒಂದು ಚುಕ್ಕೆಯಷ್ಟೂ ಸುಧಾರಿಸದು.

ಎರಡನೆಯದು ನಮ್ಮ ದುರಾಸೆ. "ಅಷ್ಟು ದಿರ್ಹಮ್ ಕೊಟ್ಟಿದ್ದೇನೆ, ಪರದೆ ಪೂರ್ತಿ ತುಂಬಬೇಕು!" 1954ರ 'ಬೇಡರ ಕಣ್ಣಪ್ಪ'ನ ಕಾಲದ ಚಿತ್ರಗಳ ಚೌಕಟ್ಟು ಹೆಚ್ಚುಕಮ್ಮಿ 4:3. ಅದನ್ನು 16:9ಕ್ಕೆ ಎಳೆದರೆ ಎಲ್ಲರೂ ಮೂರರಲ್ಲೊಂದು ಪಾಲು ದಪ್ಪಗಾಗುತ್ತಾರೆ. ಪ್ಲೇಯರಿನಲ್ಲಿ ಟಿ.ವಿ. ಟೈಪ್ 16:9 ಎಂದಿರಲಿ; ಟಿ.ವಿ.ಯಲ್ಲಿ ಇಂಥ ಚಿತ್ರಕ್ಕೆ 4:3 ಅಥವಾ ಒರಿಜಿನಲ್ ಎಂದು ಕೊಡಿ. ಎಡಬಲದ ಕಪ್ಪು ಪಟ್ಟಿ ನಷ್ಟವಲ್ಲ, ಮರ್ಯಾದೆ. 1977ರ 'ಸೊಸೆ ತಂದ ಸೌಭಾಗ್ಯ'ದಿಂದ ಕನ್ನಡಕ್ಕೆ ಸಿನಿಮಾಸ್ಕೋಪ್ ಬಂತು. ಅಂಥ ಅಗಲದ ಚಿತ್ರಗಳಿಗೆ ಮೇಲೆ ಕೆಳಗೆ ಕಪ್ಪು ಪಟ್ಟಿ ಇರಲೇಬೇಕು. ನಾಲ್ಕೂ ಬದಿ ಕಪ್ಪಾಗಿ ನಡುವೆ ಅಂಚೆಚೀಟಿಯಂತೆ ಚಿತ್ರ ಕಂಡರೆ ಮಾತ್ರ ಝೂಮ್ ಒತ್ತಿ.

ಮೂರನೆಯದು ಅಂಗಡಿಯ ಅಬ್ಬರ. ಷೋರೂಮಿನ ಝಗಮಗಿಸುವ ದೀಪಗಳ ಕೆಳಗೆ ಎದ್ದು ಕಾಣಲೆಂದು ಡೈನಾಮಿಕ್, ವಿವಿಡ್ ಎಂಬ ಸೆಟಿಂಗುಗಳಿರುತ್ತವೆ. ಮನೆಗೆ ಬಂದ ಮೇಲೂ ಎಷ್ಟೋ ಮಂದಿ ಅದನ್ನು ಮುಟ್ಟುವುದೇ ಇಲ್ಲ. ಸಿನಿಮಾ ಅಥವಾ ಮೂವಿ ಎಂಬುದನ್ನು ಆರಿಸಿ. ಷಾರ್ಪ್‌ನೆಸ್ ಏರಿಸಿದರೆ ಸ್ಪಷ್ಟತೆ ಬರದು, ಮುಖದ ಸುತ್ತ ಬಿಳಿ ಗೆರೆ ಬರುತ್ತದೆ. ಆ ಗೆರೆ ಮಾಯವಾಗುವವರೆಗೆ ಇಳಿಸಿ. ಹಳೆಯ ಚಿತ್ರವನ್ನು ಧಾರಾವಾಹಿಯಂತೆ ನುಣುಪಾಗಿಸುವ ಟ್ರೂಮೋಷನ್, ಮೋಷನ್‌ಫ್ಲೋ ಇತ್ಯಾದಿಗಳನ್ನು ಆರಿಸಿಬಿಡಿ.

ನಾಲ್ಕನೆಯದು ಸೋಫಾ. ಹಳೆಯ 21 ಇಂಚಿನ ಪೆಟ್ಟಿಗೆಗೆ ಹೋಲಿಸಿದರೆ 55 ಇಂಚಿನ ಪರದೆಯ ವಿಸ್ತಾರ ಸುಮಾರು ಆರು ಪಟ್ಟು. ಸೋಫಾ ಮಾತ್ರ ಇದ್ದಲ್ಲೇ ಇದೆ! ಡಿವಿಡಿ ನೋಡುವಾಗ ಒಂದು ಮೀಟರ್ ಹಿಂದೆ ಸರಿಯಿರಿ. ಸತ್ವಾದ ಕೋಣೆಯಲ್ಲಿ ಹಿಂದೆ ಗೋಡೆಯೇ ಇದ್ದರೆ, ಇನ್ನೂ ದೊಡ್ಡ ಟಿ.ವಿ. ಕೊಳ್ಳುವ ಆಸೆಯನ್ನಾದರೂ ಬಿಡಿ.

ಹಾಗಾದರೆ ಡಿಸ್ಕಿನದು ತಪ್ಪೇ ಇಲ್ಲವೇ? ಇದೆ, ಆದರೆ ಎಲ್ಲ ಡಿಸ್ಕಿನದಲ್ಲ. ಒಂದರಲ್ಲಿ ಮೂರು ಚಿತ್ರ ಎಂದು ಮಾರುವವುಗಳನ್ನು ನೋಡಿ. 4.7 ಜಿಬಿಯ ಡಿಸ್ಕಿನಲ್ಲಿ ಎರಡೂವರೆ ಗಂಟೆಯ ಒಂದೇ ಚಿತ್ರವಿದ್ದರೆ ಸೆಕೆಂಡಿಗೆ ಸುಮಾರು 4.2 ಮೆಗಾಬಿಟ್ ಸಿಗುತ್ತದೆ. ಮೂರು ತುರುಕಿದರೆ ತಲಾ 1.4 ಮಾತ್ರ. ಅದೂ ಧ್ವನಿ ಸೇರಿ! ಹಳೆಯ ವಿಸಿಡಿಯಲ್ಲಿ ಚಿತ್ರಕ್ಕೇ 1.15 ಇತ್ತು. ಹೆಸರು ಡಿವಿಡಿ, ತಿರುಳು ವಿಸಿಡಿ. ಇದಕ್ಕೆ ಯಾವ ಟಿ.ವಿ.ಯೂ ಮದ್ದಲ್ಲ. ಆದರೆ ನಕಲಿಯ ಪಾಪಕ್ಕೆ ಅಸಲಿಯನ್ನು ಶಿಕ್ಷಿಸಬೇಡಿ. ಒಂದು ಚಿತ್ರದ ಅಸಲಿ ಡಿಸ್ಕನ್ನು ಸರಿಯಾಗಿ ಜೋಡಿಸಿ ನೋಡಿ, ಆಮೇಲೆ ತೀರ್ಪು ಕೊಡಿ. ಡಿಸ್ಕು ಆಡುವುದೇ ಇಲ್ಲವೆಂದು ಎಸೆಯುವ ಮುನ್ನ ವಲಯದ ಸಂಖ್ಯೆಯನ್ನೂ ನೋಡಿ. ಭಾರತ 5ನೆಯ ವಲಯ, ಯುಎಇ 2ನೆಯದು. 5 ಎಂದು ಅಚ್ಚಾದ ಡಿಸ್ಕಿಗೆ ಎಲ್ಲ ವಲಯಗಳ ಪ್ಲೇಯರ್ ಬೇಕು.

"ಎಲ್ಲ ಯೂಟ್ಯೂಬಿನಲ್ಲಿದೆಯಲ್ಲ!" ಎನ್ನುವ ಮಹನೀಯರಿಗೆ ಒಂದು ಮಾತು. ಅಲ್ಲಿರುವುದು ಇಂದು ಇದ್ದು ನಾಳೆ ಇಲ್ಲವಾಗಬಹುದು, ಕೀಲಿಕೈ ನಮ್ಮಲ್ಲಿಲ್ಲ. ಡಿಸ್ಕಿನ ಕಾಲವೂ ಮುಗಿಯುತ್ತಾ ಬಂದಿದೆ. ಅಮೆರಿಕದಲ್ಲಿ ಅಂಚೆಯ ಮೂಲಕ ಡಿವಿಡಿ ಕೊಡುತ್ತಿದ್ದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರಿನಲ್ಲಿ ಆ ಸೇವೆಯನ್ನೇ ಮುಚ್ಚಿತು. ಎಸೆದದ್ದನ್ನು ಮತ್ತೆ ಅಂಗಡಿಯಲ್ಲಿ ಕೊಳ್ಳುತ್ತೇವೆ ಎಂಬ ಭ್ರಮೆ ಬೇಡ. ಮದುವೆ, ನಾಮಕರಣ, ಗೃಹಪ್ರವೇಶಗಳ ಡಿವಿಡಿಗಳಿಗಂತೂ ಜಗತ್ತಿನಲ್ಲಿ ಬೇರೆ ಪ್ರತಿಯೇ ಇರಲಿಕ್ಕಿಲ್ಲ. ಮನೆಯಲ್ಲಿ ಬರೆದ ಡಿಸ್ಕಿನ ಬಣ್ಣದ ಪದರ ವರ್ಷ ಕಳೆದಂತೆ ಕೆಡುತ್ತದೆ. ಗಲ್ಫಿನ ಸೆಕೆಯಲ್ಲಿ, ಕಾರಿನೊಳಗೆ ಬಿಟ್ಟರಂತೂ ಇನ್ನೂ ಬೇಗ. ಅವನ್ನು ಈ ವಾರವೇ ಹಾರ್ಡ್ ಡಿಸ್ಕಿಗೆ ಇಳಿಸಿ. ಇನ್ನೊಂದು ಪ್ರತಿ ಊರಿನ ಮನೆಯಲ್ಲಿರಲಿ.

ಸಂಘದ ಪದಾಧಿಕಾರಿಗಳಲ್ಲಿ ನನ್ನ ಒತ್ತಾಯ ಎರಡೇ. ಒಂದು, ರಾಜ್ಯೋತ್ಸವಕ್ಕೆ ಚಿತ್ರ ತೋರಿಸುವ ಮುನ್ನ ಒಬ್ಬರು ಕಾಲು ಗಂಟೆ ಮೊದಲೇ ಬಂದು ಪರದೆಯ ಅಳತೆ ಸರಿಪಡಿಸಲಿ. ಮೈಕಿಗೆ "ಹಲೋ, ಹಲೋ" ಎನ್ನಲು ನಮಗೆ ಅರ್ಧ ಗಂಟೆ ಸಿಗುತ್ತದೆ, ಇದಕ್ಕೇಕೆ ಸಿಗದು? ಎರಡು, ಬೇಡವಾದ ಅಸಲಿ ಕನ್ನಡ ಡಿವಿಡಿಗಳನ್ನು ಸದಸ್ಯರಿಂದ ಪಡೆದು ಪುಸ್ತಕಗಳ ಜೊತೆ ಒಂದು ಕಪಾಟು ಮಾಡಲಿ.

ಮನೆಯವರಲ್ಲಿ ಕೇಳುವುದು ಹತ್ತು ನಿಮಿಷ ಮಾತ್ರ. ಈ ಶುಕ್ರವಾರ ಸಂಜೆ ಹಳದಿ ವೈರು ಕಿತ್ತುಹಾಕಿ, ಅಳತೆ ಸರಿಮಾಡಿ, ಷಾರ್ಪ್‌ನೆಸ್ ಇಳಿಸಿ. ಆಮೇಲೂ ಮಸುಕಾಗಿ ಕಂಡರೆ ಡಿಸ್ಕನ್ನು ಬೈಯಿರಿ, ಬೇಕಾದರೆ ನನ್ನನ್ನೂ ಬೈಯಿರಿ. ಕಸದ ತೊಟ್ಟಿಗೆ ಮಾತ್ರ ಹಾಕಬೇಡಿ.

– ಒಬ್ಬ ಸದಸ್ಯ, ಸತ್ವಾ